ಕಂತಿನ ಲೆಕ್ಕ ಸಾಕು, ಮೇವಿನ ಲೆಕ್ಕ ಹಾಕ್ರಿ

ಕಾರು ಮಾರುವವರು ನಮ್ಮ ಭೀಮಾ ದಂಡೆಯ ಹುಡುಗರಿಗೆ ಒಂದೇ ಪ್ರಶ್ನೆ ಕಲಿಸಿದ್ದಾರೆ: 'ತಿಂಗಳಿಗೆ ಕಂತು ಎಷ್ಟು ಬೀಳ್ತದ?' ಈ ಪ್ರಶ್ನೆಯೇ ತಪ್ಪು ಅಂತ ನನ್ನ ವಾದ. ದೇವಣಗಾಂವ, ಆಲಮೇಲ, ಸಿಂದಗಿ ಕಡೆ ಮೊದಲ ಸ್ಪೋರ್ಟ್ಸ್ ಕಾರು ತಗೋಬೇಕು ಅಂತ ಕುಂತಿರುವ ತಮ್ಮಂದಿರೇ, ಸಿಟ್ಟು ಬಂದರೂ ಬರಲಿ, ಪೂರ್ತಿ ಓದ್ರಿ.

ಸ್ಪೋರ್ಟ್ಸ್ ಕಾರು ಅಂದ್ರೆ ಇಲ್ಲಿ ಯಾರೂ ಫೆರಾರಿ ಕೇಳ್ತಿಲ್ಲ, ಗೊತ್ತದ. ಪೋಲೊ ಜಿಟಿ ಟಿಎಸ್‌ಐ, ಐ20 ಎನ್ ಲೈನ್, ಧೈರ್ಯ ಜಾಸ್ತಿ ಇದ್ದವರಿಗೆ ಹಳೆಯ ಆಕ್ಟೇವಿಯಾ ಆರ್‌ಎಸ್. ಪುಣೆ-ಮುಂಬೈ ಕಡೆಯ ಸೆಕೆಂಡ್ ಹ್ಯಾಂಡ್ ಗಾಡಿ ಸೋವಿ ಸಿಗ್ತದ ಅಂತ ಕಣ್ಣೆಲ್ಲ ಆ ಕಡೆ.

ಆಸೆ ತಪ್ಪು ಅಂತ ನಾನು ಹೇಳಂಗಿಲ್ಲ. ತೆರಬಂಡಿ ಎಳೆಯಲಿಕ್ಕೆ ಅಂತಲೇ ಎತ್ತು ಸಾಕಿದ ಸೀಮೆ ನಮ್ಮದು. ಅದೂ ಶೋಕಿಯೇ. ಆದರೆ ಅಂಥ ಜೋಡಿ ಕಟ್ಟುವ ಹಿರಿಯ ಸಂತೆಗೆ ಹೋಗುವ ಮೊದಲು ತನ್ನ ಬಣವಿ ನೋಡ್ತಿದ್ದ. ಕಣಕಿ ಎಷ್ಟದ, ಹಿಂಡಿಗೆ ರೊಕ್ಕ ಎಲ್ಲಿಂದ, ಮಳಿ ಕೈಕೊಟ್ಟರೆ ಏನು ಹಾಕೋದು? ಎತ್ತಿನ ಬೆಲೆಯ ಮಾತು ಆಮೇಲೆ. ಆ ಶಾಣ್ಯಾತನ ಕಾರಿನ ಹೊತ್ತಿಗೆ ಎಲ್ಲಿ ಹೋಯ್ತು?

ಲೆಕ್ಕ ಹಾಕೋಣ ಬರ್ರಿ. ಎಂಟು ಲಕ್ಷದ ಹಳೆಯ ಗಾಡಿ, ಆರು ಲಕ್ಷ ಸಾಲ, ಶೇ 12 ಬಡ್ಡಿ, ಐದು ವರ್ಷ ಅಂತ ಹಿಡೀರಿ. ಕಂತು ತಿಂಗಳಿಗೆ ಸುಮಾರು 13,350 ರೂಪಾಯಿ, ವರ್ಷಕ್ಕೆ 1.60 ಲಕ್ಷ. ಹುಡುಗರ ಲೆಕ್ಕ ಇಲ್ಲಿಗೇ ನಿಲ್ತದ.

ಇನ್ನ ಮೇವು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸ್ತೀರಿ, ಲೀಟರಿಗೆ 12 ಕಿಲೋಮೀಟರ್ ಕೊಡ್ತದ ಅಂತಿಟ್ಟುಕೊಳ್ರಿ. ಪೆಟ್ರೋಲ್ ಲೀಟರಿಗೆ ಬರೇ ನೂರು ಅಂತ ಹಿಡಿದರೂ ವರ್ಷಕ್ಕೆ ಒಂದು ಲಕ್ಷ. ವಿಮೆಗೆ 25 ಸಾವಿರ. ನಾಲ್ಕು ಅಗಲ ಟೈರಿಗೆ 30 ಸಾವಿರ. ಮೂರು ವರ್ಷ ಬಾಳಿದರೆ ವರ್ಷಕ್ಕೆ 10 ಸಾವಿರ. ಸರ್ವಿಸು, ರಿಪೇರಿ ಎಲ್ಲಾ ಸೇರಿ 30 ಸಾವಿರ. ಒಟ್ಟು 1.65 ಲಕ್ಷ. ನೋಡ್ರಿ, ಮೇವಿನ ಖರ್ಚು ಕಂತನ್ನೇ ಮೀರಿಸ್ತು. ಎರಡೂ ಕೂಡಿದರೆ ವರ್ಷಕ್ಕೆ 3.25 ಲಕ್ಷ, ತಿಂಗಳಿಗೆ 27 ಸಾವಿರ.

ಇದನ್ನ ನಮ್ಮ ಭಾಷೆಗೆ, ಅಂದರೆ ಕಬ್ಬಿಗೆ ತಿರುಗಿಸ್ತೀನಿ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ಕುಂತ ಮೇಲೆ ಸರಕಾರ ಘೋಷಿಸಿದ ದರ ಟನ್ನಿಗೆ 3,300 ರೂಪಾಯಿ. ನಮಗೂ ಅಷ್ಟೇ ಸಿಗ್ತದ ಅಂತ ಹಿಡಿಯೋಣ. ಎಕರೆಗೆ 40 ಟನ್ ಬಂದರೆ 1.32 ಲಕ್ಷ. ಬೀಜ, ಗೊಬ್ಬರ, ನೀರು, ಆಳಿನ ಪಗಾರ ಅಂತ ಅರ್ಧ ಕಳೆದರೆ ಕೈಗೆ 66 ಸಾವಿರ. ಅಂದರೆ ಐದು ಎಕರೆ ಕಬ್ಬು ಬರೇ ಕಾರಿಗೆ! ಮನಿ ಸಂತಿಗಲ್ಲ, ತಂಗಿಯ ಓದಿಗಲ್ಲ, ಕಾರಿಗೆ.

ಇಷ್ಟಕ್ಕೇ ಮುಗಿಯಲಿಲ್ಲ. ಪಟ್ಟಣದಲ್ಲಿ ಪಗಾರದವನಿಗೆ ಪ್ರತಿ ತಿಂಗಳೂ ಒಂದನೇ ತಾರೀಖು ಬರ್ತದ. ನಮಗೆ ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಅದ. ಹಂಗಾದ್ರೆ ಬಾಕಿ ಬಿಲ್ಲಿಗಾಗಿ ರೈತರು ಯಾಕೆ ಧರಣಿ ಕೂಡಬೇಕು? ಉಜನಿಯಿಂದ ನೀರು ಬಿಟ್ಟು ಭೀಮೆ ಉಕ್ಕಿದರೆ ನಿಂತ ಬೆಳೆಯೂ ಹೋಗ್ತದ. 2020ರ ಅಕ್ಟೋಬರಿನಲ್ಲಿ ನೋಡಿದೆವು, 2025ರ ಸೆಪ್ಟೆಂಬರಿನಲ್ಲಿ ಮತ್ತೆ ನೋಡಿದೆವು. ಕಾರಿನ ಸಾಲ ಕೊಟ್ಟವನು ಹೊಳಿ ಬಂತು ಅಂತ ಕಂತು ಬಿಡ್ತಾನಾ? ವರ್ಷಕ್ಕೊಮ್ಮೆ ಬರುವ ಆದಾಯಕ್ಕೆ ತಿಂಗಳ ಕಂತು ಕಟ್ಟಿದರೆ ನಡುವಿನ ತಿಂಗಳುಗಳನ್ನ ತುಂಬೋದು ಯಾವುದು? ಅವ್ವನ ಕೊರಳಿನ ಸರ. ಅದು ಗಿರವಿ ಇಟ್ಟಾಗ ಅದಕ್ಕೂ ಒಂದು ಬಡ್ಡಿ. ಆ ಬಡ್ಡಿಯನ್ನ ಕಾರಿನ ಖರ್ಚಿನೊಳಗೆ ಯಾರಾದರೂ ಹಿಡಿದದ್ದುಂಟಾ?

ಸೋವಿ ಗಾಡಿ ಅಂತೀರಲ್ಲ, ಅದರ ಹಿಂದಿನ ಕತಿ ಕೇಳ್ರಿ. ಎಂಎಚ್ ನಂಬರಿನ ಗಾಡಿ ಇಲ್ಲೇ ಇರೋದಾದರೆ ಹನ್ನೆರಡು ತಿಂಗಳೊಳಗೆ ಕೆಎ 28 ಮಾಡಿಸಬೇಕು, ಎನ್‌ಒಸಿ ತರಬೇಕು, ಗಾಡಿಯ ವಯಸ್ಸು ನೋಡಿ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಮಾರುವವನು ಹೇಳಿದ ಬೆಲೆಯಲ್ಲಿ ಇದು ಇರಂಗಿಲ್ಲ. ಎಂಜಿನ್ ದೊಡ್ಡದಾದರೆ ಕಾನೂನಿನ ಥರ್ಡ್ ಪಾರ್ಟಿ ವಿಮೆಯೇ ಏರ್ತದ: 2022ರ ಜೂನಿನಲ್ಲಿ ಜಾರಿಯಾದ ದರದಲ್ಲಿ 1,000ದಿಂದ 1,500 ಸಿಸಿವರೆಗೆ 3,416 ರೂಪಾಯಿ, ಅದನ್ನ ಮೀರಿದರೆ 7,897. ಪೋಲೊದ ತಯಾರಿಕೆ ಭಾರತದಲ್ಲಿ 2022ಕ್ಕೇ ನಿಂತದ; ಸಾಮಾನಿಗೆ ವಿಜಯಪುರವೋ ಸೊಲ್ಲಾಪುರವೋ ಅಂತ ತಿರುಗುವ ದಿನಗಳ ಕೂಲಿಯನ್ನೂ ಹಿಡೀರಿ.

ಪೆಟ್ರೋಲಿನದು ಇನ್ನೊಂದು ತಮಾಷೆ. ಈಗ ಬಂಕಿನಲ್ಲಿ ಸಿಗೋದು ಶೇ 20 ಎಥನಾಲ್ ಬೆರೆಸಿದ್ದು. ಅದರೊಳಗೆ ನಮ್ಮ ಕಬ್ಬೂ ಅದ, ಸಂತೋಷ. ಆದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಂಗಾಗಿ ಮೈಲೇಜೂ ಇಳೀತದ. ಹಳೆಯ ಟರ್ಬೊ ಗಾಡಿ ತಗೊಳ್ಳೋ ಮುಂಚೆ ಅದು ಎಷ್ಟು ಎಥನಾಲ್ ತಡೀತದ ಅಂತ ಕೈಪಿಡಿ ತೆಗೆದು ನೋಡಬೇಕು.

'ಮದುವಿ ಸೀಸನ್ನಿಗೆ ಬಾಡಿಗೆ ಬಿಟ್ಟು ಖರ್ಚು ತೆಗೀತೀನಿ' ಅನ್ನುವವರೂ ಇದ್ದಾರೆ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿಸೋದು ಕಾನೂನಿಗೆ ವಿರುದ್ಧ. ಆ ಹೊತ್ತಿನಲ್ಲಿ ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತಲಿಕ್ಕೆ ದಾರಿ ನೀವೇ ಮಾಡಿಕೊಟ್ಟಂಗ.

ಹಿರಿಯರೇ, ನೀವು ನಗಬ್ಯಾಡ್ರಿ. ಮಗನ ಕಾರಿಗೆ 'ಶೋಕಿ' ಅಂತ ಬೈದು, ಬಾಜೂ ಮನೆಯವನು ತಂದ ಅಂತ ಬೇಡದ ಟ್ರ್ಯಾಕ್ಟರ್ ತಂದು ನಿಲ್ಲಿಸಿದವರು ನೀವೂ ಇದ್ದೀರಿ. ಕೆಂಪು ಬಣ್ಣ ಇದ್ದ ಮಾತ್ರಕ್ಕೆ ಕಾರಿನ ಸಾಲ ಕೆಟ್ಟದ್ದೂ ಅಲ್ಲ, ಹೊಲಕ್ಕೆ ಬಂತು ಅನ್ನೋ ಮಾತ್ರಕ್ಕೆ ಟ್ರ್ಯಾಕ್ಟರಿನ ಸಾಲ ಒಳ್ಳೇದೂ ಅಲ್ಲ. 'ಬ್ಯಾಡ' ಅನ್ನೋದು ಬಿಟ್ಟು ಮನೆಯ ಜಮಾ-ಖರ್ಚಿನ ಪುಸ್ತಕ ಮಗನ ಮುಂದೆ ತೆಗೆದಿಡ್ರಿ. ಸೊಸೈಟಿ ಸಾಲ ಎಷ್ಟದ, ಬಂಗಾರ ಎಲ್ಲಿ ಕುಂತದ ಅನ್ನೋದನ್ನ ಮುಚ್ಚಿಟ್ಟರೆ ಅವನಿಗೆ ಲೆಕ್ಕ ಎಲ್ಲಿಂದ ಬರಬೇಕು?

ತಮ್ಮಂದಿರಿಗೆ ನನ್ನದು ಒಂದೇ ಸವಾಲು. ಟೋಕನ್ ಕೊಡುವ ಮೊದಲು ಆರು ತಿಂಗಳು, ತಿಂಗಳಿಗೆ 27 ಸಾವಿರದಂತೆ ನಿಮ್ಮ ಖಾತೆಗೆ ಕಟ್ರಿ. ಅಪ್ಪನ ಬಿಲ್ಲಿನಿಂದಲ್ಲ, ಅವ್ವನ ಬಂಗಾರದಿಂದಲ್ಲ, ನಿಮ್ಮದೇ ದುಡಿಮೆಯಿಂದ. ಕಟ್ಟಲಿಕ್ಕೆ ಆದರೆ ಕೈಯಾಗ 1.62 ಲಕ್ಷ ಕೂಡಿರ್ತದ, ಸಾಲ ಅಷ್ಟು ಕಡಿಮೆ ಮಾಡ್ರಿ, ಎದಿ ಉಬ್ಬಿಸಿ ಗಾಡಿ ತರ್ರಿ; ಊರ ಮಂದಿ ಏನಂದರೂ ನಾನು ನಿಮ್ಮ ಕಡೆ. ಮೂರನೇ ತಿಂಗಳಿಗೇ ಉಸಿರು ಕಟ್ಟಿತೋ, ಆಗ ಸಣ್ಣ ಎಂಜಿನ್ನಿನ ಗಾಡಿ ನೋಡ್ರಿ, ಇಲ್ಲಾ ಎರಡು ವರ್ಷ ತಡೀರಿ. ಕಾರು ಇಲ್ಲದೇ ಇರುವಾಗಲೇ ಅದರ ಖರ್ಚು ಹೊರಲಿಕ್ಕೆ ಆಗದವನು ಕಾರು ಬಂದ ಮೇಲೆ ಯಾರ ಹೆಗಲಿಗೆ ಹಾಕ್ತಾನೆ ಅಂತ ನಿಮ್ಮ ಅವ್ವನಿಗೆ ಗೊತ್ತದ.