ಕಂತಿನ ಸಾಲ: ಹೊಣೆ ಯಾರ ತಲೆಗೆ?

ಮೈಕ್ರೋಫೈನಾನ್ಸ್ ಕಂತು ಕಟ್ಟಲಾಗದೆ ಊರು ಬಿಟ್ಟವರ, ಪ್ರಾಣ ಕಳಕೊಂಡವರ ಸುದ್ದಿ 2025ರ ಜನವರಿಯಲ್ಲಿ ದಿನಾ ಬರುತ್ತಿತ್ತು. ಸರಕಾರ ಕೈಕಟ್ಟಿ ಕೂತಿದೆ ಎಂದಿತು ಬಿಜೆಪಿ. ಕಂಪೆನಿಗಳ ಲಗಾಮು ಇರುವುದು ರಿಸರ್ವ್ ಬ್ಯಾಂಕಿನ ಕೈಯಲ್ಲಿ ಎಂದಿತು ಕಾಂಗ್ರೆಸ್. ಸರಕಾರದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ವಾಪಸ್ ಕಳುಹಿಸಿದರು. 10 ವರ್ಷ ಜೈಲು, 5 ಲಕ್ಷ ದಂಡ ಅತಿಯಾಯಿತು ಎಂಬುದು ಅವರ ಆಕ್ಷೇಪ. ಕೊನೆಗೆ ಫೆಬ್ರವರಿ 12ರಂದು ಅದು ಜಾರಿಯಾಯಿತು.

ಯಾರ ಮಾತೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬಡ್ಡಿ ದರದ ಮಿತಿಯನ್ನು 2022ರಲ್ಲಿ ತೆಗೆದದ್ದು ರಿಸರ್ವ್ ಬ್ಯಾಂಕೇ. ಆದರೆ ಒಂದು ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ಹೇಳಿದ್ದೂ ಅದೇ ನಿಯಮ. ಒಂದೇ ಮನೆಗೆ ನಾಲ್ಕೈದು ಕಂಪೆನಿ ಸಾಲ ಕೊಡುವಾಗ ಈ ಲೆಕ್ಕ ಹಾಕಿದವರು ಯಾರು? ಕಿರುಕುಳ ತಡೆಯುವ ಕೆಲಸವಾದರೋ ರಾಜ್ಯದ ಪೊಲೀಸರದ್ದು. ಅದಕ್ಕೆ ದಿಲ್ಲಿಯ ಅಪ್ಪಣೆ ಬೇಕಿರಲಿಲ್ಲ.

ಈ ಜಗಳದಲ್ಲಿ ನಾವು ಮರೆತ ಹಳೇ ಪಾಠವೊಂದುಂಟು, ಅದೂ ನಮ್ಮದೇ ಸಮುದಾಯದ್ದು. ನಮ್ಮ ಕರಾವಳಿಯಲ್ಲಿ ಬೀಡಿ ಇದ್ದ ಹಾಗೆ ಮಂಡಿಕಲ್, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿ ಬದುಕುವ ಮುಸ್ಲಿಂ ಮನೆಗಳು ತುಂಬಾ. 2009ರಲ್ಲಿ ರೇಷ್ಮೆ ಕುಸಿಯಿತು, ಕಂತು ನಿಂತಿತು. ಕೋಲಾರದ ಅಂಜುಮನ್ ಈ ಕಂಪೆನಿಗಳ ಜತೆ ವ್ಯವಹಾರವೇ ಬೇಡ ಎಂದಿತು. ಬಹಿಷ್ಕಾರ ಶಿಡ್ಲಘಟ್ಟ, ರಾಮನಗರಕ್ಕೂ ಹಬ್ಬಿತು. ಹೆಂಗಸರ ಮೇಲಿನ ಒತ್ತಡ, ಬಡ್ಡಿ ಎರಡೂ ಹಿರಿಯರನ್ನು ಕಾಡಿದ್ದವು. ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು. ಆದರೆ ಮುಚ್ಚಿದ ಬಾಗಿಲಿಗೆ ಬದಲು ಬೇರೆ ಬಾಗಿಲು ಸಾಕಷ್ಟು ತೆರೆಯಲಿಲ್ಲ. ಕಂಪೆನಿ ಹಿಂದೆ ಸರಿದ ಕಡೆ ಕೈಸಾಲದ ಬಡ್ಡಿಯವರು ಕಾದು ಕೂತಿದ್ದರು. ಮರುವರ್ಷ ಆಂಧ್ರದಲ್ಲಿ ಇದೇ ಬಿಕ್ಕಟ್ಟು ಇನ್ನೂ ದೊಡ್ಡದಾಗಿ ಸ್ಫೋಟಿಸಿತು.

ಈಗಿನ ಕಾನೂನಿನ ಬಗ್ಗೆಯೂ ತಪ್ಪು ತಿಳುವಳಿಕೆ ಬೇಡ. ನೋಂದಣಿ ಇಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ಮಾತ್ರ ಮನ್ನಾ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪೆನಿಯ ಸಾಲ ಹಾಗೇ ಉಳಿಯುತ್ತದೆ. "ಸರಕಾರ ಮಾಫಿ ಮಾಡಿದೆ" ಎಂಬ ಮಾತು ಕೇಳಿ ಕಂತು ನಿಲ್ಲಿಸಿದರೆ ನಾಳೆ ಬ್ಯಾಂಕಿನ ಬಾಗಿಲೂ ಮುಚ್ಚುತ್ತದೆ. ಆದರೆ ಮನೆಗೆ ಬಂದು ಬೆದರಿಸುವ ಹಕ್ಕು ಯಾವ ಕಂಪೆನಿಗೂ ಇಲ್ಲ. ಹಾಗಾದರೆ ನಾಚಿಕೊಳ್ಳದೆ ಠಾಣೆಗೆ ಹೋಗಬೇಕು.

ಇನ್ನು ನಮ್ಮ ಪಾಲು. ಬಡ್ಡಿ ಹರಾಂ ಎಂದು ಜುಮಾ ಭಾಷಣದಲ್ಲಿ ಕೇಳುತ್ತೇವೆ. ಮಗಳ ಮದುವೆಗೆ, ಆಸ್ಪತ್ರೆ ಬಿಲ್ಲಿಗೆ ನಮ್ಮ ತಾಯಂದಿರು ಗುಂಪುಸಾಲಕ್ಕೆ ಸಹಿ ಹಾಕುವಾಗ ಮಾತ್ರ ಕೇಳುವವರಿಲ್ಲ. ಕೆಲವು ಜಮಾಅತ್‌ಗಳು ಬಡ್ಡಿರಹಿತ ಸಾಲ ನಿಧಿ ನಡೆಸುತ್ತಿವೆ. ಅದು ಪ್ರತಿ ಮೊಹಲ್ಲಾದಲ್ಲೂ ಯಾಕೆ ಆಗುವುದಿಲ್ಲ? ಮದುವೆ ಹಾಲ್‌ಗೆ ಸುರಿಯುವ ದುಡ್ಡಿನ ಒಂದು ಪಾಲು ಸಾಕು.

ಸರಕಾರಗಳು ಒಬ್ಬರ ಮೇಲೆ ಒಬ್ಬರು ಹೊಣೆ ಹೊರಿಸಲಿ. ಸೋಮವಾರ ಕಂತಿನವರು ಬಂದಾಗ ಬಾಗಿಲು ತೆರೆಯಬೇಕಾದವಳು ನಮ್ಮ ನೆರೆಮನೆಯ ಹೆಂಗಸು.