ಉಗಿಬಂಡಿಯ ಕಾಯಕ, ಹಿನ್ನೆಲೆಯ ಕೈಗಳು

ಹುಬ್ಬಳ್ಳಿಯಿಂದ ಗದಗಿಗೆ ಸಾಗುವ ರೈಲು ಅಣ್ಣಿಗೇರಿಯನ್ನೂ, ಹರಿಹರಕ್ಕೆ ಸಾಗುವ ರೈಲು ಕುಂದಗೋಳವನ್ನೂ ಹಾದುಹೋಗುವುದು ಭಕ್ತ ಬಂಧುಗಳಿಗೆ ತಿಳಿದುದೇ. ಈ ಹಾದಿಗಳಲ್ಲಿ ದೀರ್ಘಕಾಲ ದುಡಿದ ಉಗಿಬಂಡಿ ಈಗಿಲ್ಲ. 1885ರಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಕಟ್ಟಿದ ಹುಬ್ಬಳ್ಳಿಯ ಕಾರ್ಯಾಗಾರ ಉಳಿದಿದೆ. 2020ರಲ್ಲಿ ಅದೇ ಊರಿನಲ್ಲಿ ರೈಲ್ವೆ ವಸ್ತುಸಂಗ್ರಹಾಲಯವೂ ತೆರೆಯಿತು. ಆದರೆ ಸಂಗ್ರಹಾಲಯದ ಬಂಡಿಗೆ ಬಣ್ಣವಿರುತ್ತದೆ, ಉಸಿರಿರುವುದಿಲ್ಲ.

ಉಸಿರು ಮರಳಿ ಬಾರದೆಂದಲ್ಲ. 1855ರ ‘ಫೇರಿ ಕ್ವೀನ್’ ಚೆನ್ನೈನ ಪೆರಂಬೂರಿನ ಕುಶಲಕರ್ಮಿಗಳ ಕೈಯಲ್ಲಿ ದುರಸ್ತಿಗೊಂಡು 1997ರಲ್ಲಿ ಮತ್ತೆ ಓಡಿತು. ಬ್ರಿಟನ್ನಿನಲ್ಲಿ ಇಂಥ ಕೆಲಸವನ್ನು ಬಹುಮಟ್ಟಿಗೆ ಸ್ವಯಂಸೇವಕರೇ ಮಾಡುತ್ತ ಬಂದಿದ್ದಾರೆ. ಅವರನ್ನು ಎಲ್ಲರೂ ಹೊಗಳುತ್ತಾರೆ. ನಾನು ನೆನೆಯಬಯಸುವುದು ಅವರ ಹಿಂದೆ ನಿಂತವರನ್ನು.

ವೇಲ್ಸ್ ನಾಡಿನ ಬ್ಯಾರಿ ಎಂಬ ಊರಿನಲ್ಲಿ ಡೈ ವುಡಮ್ ಎಂಬ ಗುಜರಿ ವ್ಯಾಪಾರಿ ಇದ್ದರು. ಒಡೆಯಲೆಂದು ಕೊಂಡ ಬಂಡಿಗಳನ್ನು ಅವರು ಹಾಗೆಯೇ ನಿಲ್ಲಿಸಿ, ಸುಲಭವಾಗಿ ಒಡೆಯಬಹುದಾದ ವ್ಯಾಗನ್ನುಗಳನ್ನು ಮೊದಲು ಒಡೆಸಿದರು. ಹಣವಿಲ್ಲದ ತರುಣರು ಬಂದು ಬಂಡಿಯೊಂದನ್ನು ಬೇಡಿದಾಗ, ಅವರು ಹಣ ಕೂಡಿಸುವವರೆಗೆ ಕಾದರು. 1968ರಿಂದ 1990ರವರೆಗೆ 213 ಬಂಡಿಗಳು ಆ ಅಂಗಳದಿಂದ ಪಾರಾದವು. ಅವರು ದಾನಿಯಲ್ಲ, ಬೆಲೆ ಪಡೆದೇ ಮಾರಿದವರು. ಆದರೂ ಕಾದದ್ದು ಸಣ್ಣ ಮಾತೇ?

ಇನ್ನು ಕಲಿಸುವವರ ಮಾತು. ಬಾಯ್ಲರಿನ ಬೆಂಕಿಗೂಡಿನ ತಗಡನ್ನು ಹೊರತಗಡಿಗೆ ಬಿಗಿದಿಡುವ ನೂರಾರು ಸ್ಟೇ ಬೋಲ್ಟುಗಳಲ್ಲಿ ಯಾವುದು ಮುರಿದಿದೆಯೆಂದು ಸುತ್ತಿಗೆಯಿಂದ ತಟ್ಟಿ, ನಾದದಿಂದ ಅರಿಯಬೇಕು. ತಣ್ಣನೆಯ ಬಾಯ್ಲರಿಗೆ ಒಮ್ಮೆಲೇ ಬೆಂಕಿಯಿಟ್ಟರೆ ತಗಡುಗಳು ಅಸಮವಾಗಿ ಹಿಗ್ಗಿ ಕೀಲುಗಳು ಸೋರುತ್ತವೆ. ಗಂಟೆಗಟ್ಟಲೆ ತಾಳ್ಮೆಯಿಂದ ಕಾವೇರಿಸಬೇಕು. ಗ್ರಂಥದಲ್ಲಿ ಇದೆಲ್ಲ ಇದೆ, ನಿಜ. ಆದರೆ ಒಡೆದ ಬೋಲ್ಟಿನ ದನಿಯನ್ನು ಗ್ರಂಥ ಕೇಳಿಸದು. ಬಲ್ಲವನ ಪಕ್ಕದಲ್ಲಿ ನಿಂತೇ ಕಿವಿ ಪಳಗಬೇಕು.

ಭಾರತದ ಬ್ರಾಡ್ ಗೇಜ್ ಹಾದಿಯಲ್ಲಿ ಉಗಿಯ ನಿತ್ಯಸೇವೆ 1995ರಲ್ಲಿ ನಿಂತಿತು. ಅಂದು ಇಪ್ಪತ್ತೈದರ ತರುಣನಾಗಿ ಕಲ್ಲಿದ್ದಲು ಎಸೆದವನಿಗೂ ಇಂದು ಐವತ್ತು ದಾಟಿದೆ. ಅವನಿಗೆ ಕಲಿಸಿದ ಹಿರಿಯರು ಎಷ್ಟು ಮಂದಿ ಉಳಿದಾರು? ಆದುದರಿಂದ ಬಂಡಿಗೆಂದು ಹಣ ಕೂಡಿಸುವುದು ಎರಡನೆಯ ಕೆಲಸವೆಂದು ನನ್ನ ಮತ. ನಮ್ಮ ಹಳ್ಳಿಗಳ ಮನೆಗಳಲ್ಲಿ ನಿವೃತ್ತ ಫಿಟ್ಟರ್, ಫೈರ್‌ಮನ್, ಬಾಯ್ಲರ್ ಕೆಲಸದ ಹಿರಿಯರಿದ್ದರೆ, ಮಕ್ಕಳು ಈ ಶ್ರಾವಣದಲ್ಲಿಯೇ ಅವರ ಬಳಿ ಕುಳಿತು, ಬೆಂಕಿ ಹೇಗೆ ಹೊತ್ತಿಸುತ್ತಿದ್ದಿರಿ, ದನಿ ಹೇಗೆ ಗುರುತಿಸುತ್ತಿದ್ದಿರಿ ಎಂದು ಕೇಳಿ ಬರೆದಿಡಲಿ.