ಮರಕ್ಕೆ ಬಾಯಿಮಾತು ಸಾಲದು



ಎರಡು ತಿಂಗಳಿಂದ ಈ ಪೇಜಿನಲ್ಲಿ ಏನೂ ಬರೆದಿರಲಿಲ್ಲ. ಕೆಲವರು ಫೋನ್ ಮಾಡಿ "ಏನಣ್ಣ, ಕಾಣೆನೇ ಆಗ್ಬಿಟ್ರಲ್ಲ" ಅಂತ ಕೇಳಿದ್ರಿ. ಮಗಳು ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ನಾನೂ ನಮ್ಮ ಮನೆಯವಳೂ ಅಲ್ಲಿಗೆ ಹೋಗಿದ್ವಿ. ತೋಟಕ್ಕೆ ನೀರು ಕಟ್ಟೋದನ್ನ ತಮ್ಮನ ಮಗ ನೋಡ್ಕೊಂಡ. ಇದು ಪ್ರವಾಸದ ಕಥೆ ಅಲ್ಲ. ಅಲ್ಲಿ ನೋಡಿದ ಒಂದು ತೋಟದ ವಿಷಯ ಹೇಳಿ, ಆಮೇಲೆ ನಮ್ಮ ಕಡೆಯ ಒಂದು ವಿಷಯಕ್ಕೆ ಬರ್ತೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ವರ್ಷದ ಬೆಳೆಗೆ ಬಾಯಿಮಾತು ನಡೆಯುತ್ತೆ, ಮರಕ್ಕೆ ನಡೆಯಲ್ಲ. ಇನ್ನೊಬ್ಬರ ಜಮೀನಿನಲ್ಲಿ ಮರ ಬೆಳೆಸೋರ ಲೆಕ್ಕ ಕಾಗದದಲ್ಲಿ ಇರಬೇಕು.

ಸ್ಯಾನ್ ಫ್ರಾನ್ಸಿಸ್ಕೊ ಊರಲ್ಲಿ ಗೋಲ್ಡನ್ ಗೇಟ್ ಪಾರ್ಕ್ ಅಂತ ದೊಡ್ಡ ಪಾರ್ಕ್ ಇದೆ. ಅದರೊಳಗೆ ಸುಮಾರು 5 ಎಕರೆಯಲ್ಲಿ ಜಪಾನೀಸ್ ಟೀ ಗಾರ್ಡನ್. ನಮ್ಮ ಕಡೆ ಜೂನ್ ಅಂದ್ರೆ ಮಳೆ ಕಾಯೋ ಕಾಲ, ಅಲ್ಲಿ ಮಂಜು. ಸ್ವೆಟರ್ ಹಾಕ್ಕೊಂಡೇ ಒಳಗೆ ಹೋದ್ವಿ. ಗೇಟು ದಾಟಿದ ಮೇಲೆ ಗಲಾಟೆ ಕಡಿಮೆ ಆಯ್ತು. ಜನ ಕಡಿಮೆ ಇದ್ರು ಅಂತಲ್ಲ, ತುಂಬಾನೇ ಇದ್ರು. ದಾರಿ ಮಾಡಿರೋ ರೀತಿನೇ ಹಾಗಿದೆ. ಕಲ್ಲುಗಳನ್ನ ಒಂದೇ ಅಳತೆಗೆ, ಒಂದೇ ಸಾಲಿಗೆ ಹಾಕಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಓರೆ. ಕಾಲು ನೋಡ್ಕೊಂಡು ನಿಧಾನ ನಡೀಬೇಕು, ಮಾತು ತಾನಾಗೇ ನಿಲ್ಲುತ್ತೆ. ಅರ್ಧಚಂದ್ರದ ಹಾಗೆ ಬಾಗಿರೋ ಒಂದು ಮರದ ಸೇತುವೆ ಇದೆ, ಏಣಿ ಹತ್ತಿದ ಹಾಗೆ ಹತ್ತಿ ಇಳೀಬೇಕು. ಅಲ್ಲೂ ಅವಸರ ಮಾಡೋಕಾಗಲ್ಲ. 1790ರಲ್ಲಿ ಜಪಾನಿನಲ್ಲಿ ಎರಕ ಹೊಯ್ದ ಒಂದು ದೊಡ್ಡ ಕಂಚಿನ ಬುದ್ಧ ಕೂತಿದ್ದಾನೆ, ಮೇಲೆ ಸೂರಿಲ್ಲ. ಆ ಬುದ್ಧನ ಹೆಸರಿನ ಅರ್ಥವೇ ಬಿಸಿಲು ಮಳೆಗೆ ಮೈಯೊಡ್ಡಿ ಕೂತವನು ಅಂತ. ನಮ್ಮ ಮನೆಯವಳು "ಇವನೂ ನಮ್ಮ ಹಾಗೇನೇ" ಅಂದಳು.

ಎಲ್ಲರೂ ಫೋಟೋ ತೆಗೀತಾ ಇದ್ರು. ನನ್ನ ಕಣ್ಣು ಹೋಗಿದ್ದು ಮೂರು ಕಾಲಿನ ಏಣಿ ಮೇಲೆ ನಿಂತಿದ್ದ ಒಬ್ಬ ಮಾಲಿ ಕಡೆಗೆ. ಪೈನ್ ಮರದ ಸೂಜಿಯಂಥ ಎಲೆಗಳನ್ನ ಕೈಯಲ್ಲೇ ಕೀಳ್ತಾ ಇದ್ದ. ಯಂತ್ರ ಇಲ್ಲ, ಕತ್ತರಿನೂ ಅಪರೂಪಕ್ಕೆ. ಜಪಾನೀಯರ ಪದ್ಧತಿಯಲ್ಲಿ ಪೈನ್ ಮರಕ್ಕೆ ವಸಂತದಲ್ಲಿ ಹೊಸ ಚಿಗುರನ್ನ ಬೆರಳಲ್ಲಿ ಚಿವುಟ್ತಾರೆ, ಚಳಿಗಾಲಕ್ಕೆ ಮುಂಚೆ ಹಳೇ ಎಲೆ ಕಿತ್ತು ತೆಳು ಮಾಡ್ತಾರೆ. ಹಾಗೆ ಮಾಡಿದ್ರೆ ಒಳಗಿನ ರೆಂಬೆಗೂ ಬೆಳಕು ಗಾಳಿ ಹೋಗುತ್ತೆ, ಮರ ಗಿಡ್ಡಾಗಿ ಅಗಲವಾಗಿ ನಿಲ್ಲುತ್ತೆ. ದಾಳಿಂಬೆ, ಸೀಬೆ ಸವರಿದವರಿಗೆ ಇದು ಅರ್ಥ ಆಗುತ್ತೆ. ಎರಡು ವರ್ಷ ಕೈ ಬಿಟ್ರೆ ಮರ ತನ್ನ ಪಾಡಿಗೆ ಬೆಳೆದು ಆಕಾರ ಹೋಗುತ್ತೆ. ಪಾಚಿ ಮಧ್ಯದ ಕಳೆಯನ್ನೂ ಕೂತು ಒಂದೊಂದಾಗಿ ಕೀಳಬೇಕು. ಬಂದವರಿಗೆಲ್ಲ ಸಿಗೋ ಆ ಶಾಂತಿ ಅಷ್ಟೂ ಯಾರದೋ ಸೊಂಟ ನೋವು. ಅದಕ್ಕೇ ಮಗಳಿಗೆ ಕೇಳಿದೆ, "ಇದನ್ನ ಮೊದಲು ಮಾಡಿದ್ದು ಯಾರವ್ವ?" ಅಂತ. ಅವಳು ಅಲ್ಲಿನ ಫಲಕ ಓದಿ, ಫೋನಲ್ಲೂ ಹುಡುಕಿ ಹೇಳಿದಳು. ಆಮೇಲೆ ಮನೆಗೆ ಬಂದು ನಾಲ್ಕು ದಿನ ಅದನ್ನೇ ಓದಿಸಿಕೊಂಡೆ.

1894ರಲ್ಲಿ ಆ ಪಾರ್ಕಿನಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೀತು. ಅದಕ್ಕೆ ಅಂತ ಸುಮಾರು ಒಂದು ಎಕರೆಯಲ್ಲಿ ಜಪಾನಿ ಹಳ್ಳಿಯ ಮಾದರಿ ಕಟ್ಟಿದ್ರು. ಪ್ರದರ್ಶನ ಮುಗಿದ ಮೇಲೆ ಕಿತ್ತುಹಾಕೋದೇ ಇತ್ತು. ಮಕೋಟೊ ಹಗಿವಾರ ಅನ್ನೋ ಜಪಾನೀಯ ತೋಟಗಾರರು ಪಾರ್ಕಿನ ಮೇಲ್ವಿಚಾರಕ ಜಾನ್ ಮೆಕ್ಲಾರೆನ್ ಹತ್ರ ಹೋಗಿ, ಇದನ್ನ ಕಾಯಂ ತೋಟ ಮಾಡ್ತೀನಿ ಅಂತ ಕೇಳಿದ್ರು. ಒಪ್ಪಂದ ಆಗಿದ್ದು ಕೈ ಕುಲುಕಿ, ಬಾಯಿಮಾತಿನಲ್ಲಿ. ಹಗಿವಾರ ಅಲ್ಲೇ ಸಂಸಾರ ಹೂಡಿದ್ರು. ತಮ್ಮ ದುಡ್ಡನ್ನೆಲ್ಲ ಅದಕ್ಕೇ ಸುರಿದ್ರು. ಜಪಾನಿನಿಂದ ಗಿಡ, ಮೀನು, ಪಕ್ಷಿ ತರಿಸಿದ್ರು. ಒಂದು ಎಕರೆ ಇದ್ದದ್ದು 5 ಎಕರೆ ಆಯ್ತು. 1925ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಟಕಾನೊ, ಅವಳ ಮಕ್ಕಳು ಅದನ್ನೇ ನೋಡ್ಕೊಂಡು ಬಂದ್ರು. ಅವರ ಮನೆನೂ ತೋಟದೊಳಗೇ.

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. 1942ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶದ ಮೇಲೆ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದವರನ್ನೆಲ್ಲ, ಸುಮಾರು 1,20,000 ಜನ, ಶಿಬಿರಗಳಿಗೆ ಹಾಕಿದ್ರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿ ಅಲ್ಲಿನ ಪ್ರಜೆಗಳಾಗಿದ್ದವರು. ಹಗಿವಾರ ಕುಟುಂಬವೂ ಹೋಯ್ತು. ತೋಟದ ಹೆಸರಿನಿಂದ 'ಜಪಾನೀಸ್' ತೆಗೆದು 'ಓರಿಯಂಟಲ್' ಅಂತ ಹಾಕಿದ್ರು. ಮನೆ ಕೆಡವಿದ್ರು. ಯುದ್ಧ ಮುಗಿದ ಮೇಲೂ ಆ ಕುಟುಂಬಕ್ಕೆ ತೋಟ ವಾಪಸ್ ಸಿಗಲಿಲ್ಲ. ಮನೆ ಇದ್ದ ಜಾಗದಲ್ಲಿ ಈಗ ತಗ್ಗಿನಲ್ಲಿ ಒಂದು ಚಿಕ್ಕ ತೋಟ ಇದೆ. ನಾವು ಅಲ್ಲೇ ನಿಂತು ಫೋಟೋ ತೆಗೆಸಿಕೊಂಡಿದ್ವಿ, ಆಗ ಇದು ಗೊತ್ತಿರಲಿಲ್ಲ.

ಗಿಡಗಳ ಕಥೆ ಬೇರೆ. ಶಿಬಿರಕ್ಕೆ ಹೋಗೋ ಮುಂಚೆ ಹಗಿವಾರ ಮನೆಯವರು ತಾವು ಸಾಕಿದ್ದ ಕುಬ್ಜ ಮರಗಳನ್ನ ಪರಿಚಯದವರ ಕೈಗೆ ಒಪ್ಪಿಸಿದ್ರು. ಅವು ಒಬ್ಬ ಡಾಕ್ಟರ ಮನೆ ಸೇರಿದವು. ಮುಂದೆ 1960ರ ದಶಕದಲ್ಲಿ ಆ ಡಾಕ್ಟರ ಹೆಂಡತಿ ಉಯಿಲು ಬರೆದು ಅವನ್ನ ತೋಟಕ್ಕೇ ಬಿಟ್ಟರು. ಈಗ ಒಂದು ದಿಬ್ಬದ ಮೇಲೆ ಆ ಮರಗಳಿವೆ. ಮರಗಳು ವಾಪಸ್ ಬಂದ್ವು, ಯಾಕಂದ್ರೆ ಅವಕ್ಕೆ ಒಂದು ಉಯಿಲು ಇತ್ತು. ನೆಟ್ಟವರ ಕೈಯಲ್ಲಿ ಏನೂ ಇರಲಿಲ್ಲ.

ಇಷ್ಟು ಕೇಳಿ ನೀವು ಹೇಳಬಹುದು, ಅದು ಯುದ್ಧದ ಕಾಲ, ಕಾಗದ ಇದ್ದಿದ್ರೆ ತಾನೆ ಏನಾಗ್ತಿತ್ತು ಅಂತ. ಸರಿ, ಕಾಗದ ಇದ್ದೋರೂ ಶಿಬಿರಕ್ಕೆ ಹೋದ್ರು. ಆದ್ರೆ ಜಮೀನು ತಮ್ಮ ಹೆಸರಲ್ಲಿ ಇದ್ದು, ನಂಬಿಕಸ್ಥ ನೆರೆಯವರು ನೋಡಿಕೊಂಡ ಕೆಲವರಿಗಾದ್ರೂ ವಾಪಸ್ ಬಂದಾಗ ನಿಲ್ಲೋಕೆ ಒಂದು ಜಾಗ ಇತ್ತು. ಹೆಚ್ಚಿನವರಿಗೆ ಅದೂ ಇರಲಿಲ್ಲ. ಯಾಕೆ ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿ 1913ರಲ್ಲೇ ಒಂದು ಕಾಯ್ದೆ ಬಂದಿತ್ತು. ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಸಾಗುವಳಿ ಜಮೀನು ಕೊಳ್ಳೋ ಹಾಗಿಲ್ಲ, ಗುತ್ತಿಗೆ ಆದ್ರೂ 3 ವರ್ಷ ಮಾತ್ರ ಅಂತ. ಆ ಕಾಲದಲ್ಲಿ ಜಪಾನಿನಿಂದ ಬಂದವರಿಗೆ ಅಮೆರಿಕದ ಪೌರತ್ವ ಕೊಡ್ತಾನೇ ಇರಲಿಲ್ಲ, ಹಾಗಾಗಿ ಕಾಯ್ದೆ ಅವರಿಗೇ ತಗಲ್ತು. 1920ರಲ್ಲಿ ಗುತ್ತಿಗೆ ದಾರಿನೂ ಮುಚ್ಚಿದ್ರು. ಕೆಲವರು ಅಲ್ಲೇ ಹುಟ್ಟಿದ ಮಕ್ಕಳ ಹೆಸರಲ್ಲಿ ಜಮೀನು ಮಾಡಿದ್ರು. ಆ ರಾಜ್ಯದ ಸುಪ್ರೀಂ ಕೋರ್ಟ್ ಈ ಕಾಯ್ದೆ ಹೊಡೆದು ಹಾಕಿದ್ದು 1952ರಲ್ಲಿ. ಟೀ ಗಾರ್ಡನ್‌ಗೆ ಹಳೇ ಹೆಸರು ವಾಪಸ್ ಬಂದಿದ್ದೂ ಅದೇ ವರ್ಷ. 3 ವರ್ಷದ ಗುತ್ತಿಗೆ ಅಂದ್ರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತರಕಾರಿ ಬೆಳೀಬಹುದು, ಮರ ನೆಡೋಕೆ ಯಾರಿಗೂ ಧೈರ್ಯ ಬರಲ್ಲ.

ತೋಟದಲ್ಲಿ ಹಗಿವಾರ ಕುಟುಂಬದ ನೆನಪಿಗೆ ಒಂದು ಕಂಚಿನ ಫಲಕ ಇದೆ, 1974ರದ್ದು. ಮಾಡಿದವರು ರೂತ್ ಅಸಾವ ಅನ್ನೋ ಶಿಲ್ಪಿ. ಅವರು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಒಂದು ತರಕಾರಿ ಬೆಳೆಗಾರರ ಮನೆಯಲ್ಲಿ. ಅವರ ಅಪ್ಪ ಅಮ್ಮನಿಗೂ ಆ ಕಾಯ್ದೆಯಿಂದ ಸ್ವಂತ ಜಮೀನು ಮಾಡೋಕೆ ಆಗಿರಲಿಲ್ಲ. 1942ರಲ್ಲಿ ಅಪ್ಪನನ್ನ ಎಫ್‌ಬಿಐನವರು ಹಿಡ್ಕೊಂಡು ಹೋದ್ರು. ಹದಿನಾರು ವರ್ಷದ ಈ ಹುಡುಗಿಯನ್ನ ಮನೆಯವರ ಜೊತೆ ಮೊದಲು ಕುದುರೆ ರೇಸಿನ ಲಾಯದಲ್ಲಿ ಇಟ್ಟು, ಆಮೇಲೆ ದೂರದ ಶಿಬಿರಕ್ಕೆ ಕಳಿಸಿದ್ರು. 1988ರಲ್ಲಿ ಅಮೆರಿಕ ಸರ್ಕಾರ ತಪ್ಪಾಯ್ತು ಅಂತ ಕಾನೂನು ಮಾಡಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡೋಕೆ ಒಪ್ಪಿತು. ತಪ್ಪು ಒಪ್ಪಿಕೊಂಡಿದ್ದು ದೊಡ್ಡದೇ, ನಾನು ಅದನ್ನ ಹಗುರ ಮಾಡಲ್ಲ. ಆದ್ರೂ ಫಲಕ, ಹಣ, ರಸ್ತೆಗೆ ಹೆಸರು ಇವೆಲ್ಲ ಬರೋ ಹೊತ್ತಿಗೆ ನೆಟ್ಟವರು ಬಹಳ ಮಂದಿ ಸತ್ತಿದ್ರು.

ಇನ್ನು ನಮ್ಮ ವಿಷಯ. ನಮ್ಮಪ್ಪ ಗೇಣಿದಾರ. 1974ರ ಭೂಸುಧಾರಣೆ ಬಂದಾಗ ನಮೂನೆ 7 ಹಾಕಿ, ನ್ಯಾಯಮಂಡಳಿಗೆ ಓಡಾಡಿ, ಉಳುತ್ತಿದ್ದ ಎರಡೂವರೆ ಎಕರೆ ಹೆಸರಿಗೆ ಮಾಡಿಸಿಕೊಂಡ್ರು. ಅದಾದ ಮೇಲೇ ಅವರು ತೆಂಗಿನ ಸಸಿ ಇಟ್ಟಿದ್ದು. ಅಲ್ಲಿವರೆಗೆ ರಾಗಿ, ಹುರುಳಿ ಅಷ್ಟೇ. ಈಗ ಕಾಯಿ ಬಿಡ್ತಿರೋ ಮರಗಳೆಲ್ಲ ಆ ಪಹಣಿಯಿಂದ ಬಂದವು ಅಂತಲೇ ನಾನು ಹೇಳೋದು.

ಈಗ ಏನಾಗಿದೆ? ಜಮೀನಿನ ಯಜಮಾನರು ಬೆಂಗಳೂರಲ್ಲಿ, ಊರಲ್ಲಿ ಮಾಡೋರು ಬೇರೆ. ಕಾಯ್ದೆ ಪ್ರಕಾರ ಗೇಣಿ ಕೊಡೋ ಹಾಗಿಲ್ಲ, ಆದ್ರೆ ವಾರಕ್ಕೆ, ಗುತ್ತಿಗೆಗೆ ಅಂತ ಬಾಯಿಮಾತಿನಲ್ಲಿ ನಡೀತಾನೇ ಇದೆ. ಬೆಳೆ ಪರಿಹಾರ ಬಂದ್ರೆ ಪಹಣಿಯಲ್ಲಿ ಹೆಸರಿರೋರ ಖಾತೆಗೆ ಹೋಗುತ್ತೆ, ಬಿತ್ತಿದವನಿಗೆ ಬರಲ್ಲ. ಸೊಸೈಟಿ ಸಾಲ ಸಿಗಲ್ಲ. ಇದು ವರ್ಷದ ಬೆಳೆಯ ಪಾಡಾಯ್ತು. ಅಡಿಕೆ, ತೆಂಗು ಇಡಿಸೋ ಯಜಮಾನರೂ ಇದ್ದಾರೆ. "ನೀನು ಬೆಳೆಸಪ್ಪ, ಫಸಲು ಬಂದಾಗ ಅರ್ಧ ಅರ್ಧ" ಅಂತಾರೆ. ಅಡಿಕೆ ಫಸಲಿಗೆ ಬರೋಕೆ ಐದಾರು ವರ್ಷ ಬೇಕು. ಅಷ್ಟರಲ್ಲಿ ಯಜಮಾನರು ತೀರಿಕೊಳ್ತಾರೆ, ಮಕ್ಕಳು ಸೈಟು ಮಾಡೋಕೆ ಮಾರ್ತಾರೆ. ಮಾತು ಕೊಟ್ಟವರು ಇಲ್ಲ, ಕೇಳೋಕೆ ಸಾಕ್ಷಿ ಇಲ್ಲ. ನಮ್ಮ ಸುತ್ತಮುತ್ತಲೇ ಹೀಗೆ ಬರಿಗೈಲಿ ಬಂದವರನ್ನ ನೀವೂ ನೋಡಿದ್ದೀರಿ, ಹೆಸರು ಬೇಡ.

ಯಜಮಾನರ ಭಯವೂ ನನಗೆ ಗೊತ್ತು. ಬರೆದುಕೊಟ್ರೆ ನಾಳೆ ಜಮೀನೇ ಹೋಗುತ್ತೆ ಅಂತಾರೆ. ನಮ್ಮಪ್ಪನ ಕಥೆನೇ ಅವರಿಗೆ ಉದಾಹರಣೆ. ನಾನು ಕೇಳ್ತಿರೋದು ಜಮೀನಲ್ಲ. ಟೀ ಗಾರ್ಡನ್ನೂ ಊರಿನ ಪಾರ್ಕು, ಅದನ್ನ ಒಂದು ಮನೆಗೆ ಬರೆದುಕೊಡಿ ಅಂತ ನಾನು ಹೇಳಲ್ಲ. ಅದು ಎಲ್ಲರದ್ದಾಗಿರೋದಕ್ಕೇ ನಾನೂ ಹೋಗಿ ನೋಡೋಕಾಯ್ತು. ನೆಲ ಯಜಮಾನರದ್ದೇ ಇರಲಿ. ಅದರ ಮೇಲೆ ಬಿದ್ದ ದುಡ್ಡು, ದುಡಿಮೆ ಯಾರದು ಅನ್ನೋದಕ್ಕೆ ಲೆಕ್ಕ ಇರಲಿ.

ಅದಕ್ಕೆ ನನ್ನ ಸಲಹೆ ಇಷ್ಟು. ಒಂದು, ಇನ್ನೊಬ್ಬರ ಜಮೀನಿನಲ್ಲಿ ಸಸಿ ಇಡೋ ಮುಂಚೆ ಒಂದು ಚೀಟಿ ಬರೀರಿ. ಎಷ್ಟು ಸಸಿ, ಸಸಿ ದುಡ್ಡು ಯಾರದು, ಡ್ರಿಪ್ ಪೈಪು ಯಾರದು, ಮಧ್ಯದಲ್ಲಿ ಜಮೀನು ಮಾರಿದ್ರೆ ಪ್ರತಿ ಮರಕ್ಕೆ ಎಷ್ಟು ಕೊಡಬೇಕು. ಇಬ್ಬರು ಹಿರಿಯರ ಸಹಿ ಇರಲಿ, ಯಜಮಾನರ ಮಕ್ಕಳಲ್ಲಿ ಒಬ್ಬರಾದ್ರೂ ಇರಲಿ. ಈ ಚೀಟಿ ಕೋರ್ಟಿಗೆ ಅಂತಲ್ಲ, ಊರಿನ ಮುಂದೆ ಮಾತು ನಿಲ್ಲಲಿ ಅಂತ. ಎರಡು, ವರ್ಷಕ್ಕೊಂದು ಸಲ ತೋಟದ ಫೋಟೋ ತೆಗೆದು, ತಾರೀಕು ಹಾಕಿ ಇಬ್ಬರೂ ಇಟ್ಕೊಳ್ಳಿ. ಮೂರು, ಬೆಳೆ ಪರಿಹಾರ ಖಾತೆಗೆ ಬಂದ ಯಜಮಾನರು ಬಿತ್ತಿದವನನ್ನ ಕರೆದು ಕೊಡಿ, ಕೇಳೋವರೆಗೆ ಕಾಯಬೇಡಿ. ಚೀಟಿ ಬರೆಯೋಕೆ ಒಪ್ಪದ ಯಜಮಾನರ ಜಮೀನಲ್ಲಿ ರಾಗಿ ಬಿತ್ತಿ, ಜೋಳ ಬಿತ್ತಿ, ಮರ ಮಾತ್ರ ಇಡಬೇಡಿ.

ಇನ್ನೊಂದು ಮಾತು ಸ್ವಂತ ಜಮೀನು ಇರೋರಿಗೆ. ಹಗಿವಾರ ಹೋದ ಮೇಲೆ ತೋಟ ನಿಲ್ಲಿಸಿದ್ದು ಮಗಳು. ನಮ್ಮ ತೋಟಗಳಲ್ಲಿ ಕಳೆ ತೆಗೆಯೋದು, ಗೊಬ್ಬರ ಹಾಕೋದು, ಕಾಯಿ ಸುಲಿಸೋದು ಹೆಂಗಸರೇ, ಪಹಣಿಯಲ್ಲಿ ಹೆಸರು ಗಂಡಸರದ್ದು. ನಾವು ವಾಪಸ್ ಬಂದ ವಾರದಲ್ಲೇ ನಾಡಕಚೇರಿಗೆ ಹೋಗಿ ನಮ್ಮ ಮನೆಯವಳ ಹೆಸರು ಜಂಟಿಯಾಗಿ ಸೇರಿಸೋಕೆ ಏನೇನು ಬೇಕು ಅಂತ ವಿಚಾರಿಸಿ ಬಂದಿದ್ದೀನಿ. ಕಾಗದ ಹೊಂದಿಸ್ತಾ ಇದ್ದೀನಿ. ಆದ ಮೇಲೆ ಎಷ್ಟು ಖರ್ಚಾಯ್ತು, ಎಷ್ಟು ದಿನ ಹಿಡೀತು ಅಂತ ಇಲ್ಲೇ ಬರೀತೀನಿ.

ಚೀಟಿ ಹೇಗೆ ಬರೀಬೇಕು ಅಂತ ಒಂದು ನಮೂನೆ ಕೈಬರಹದಲ್ಲಿ ಮಾಡಿಟ್ಟಿದ್ದೀನಿ. ಬೇಕಾದವರು ಸಂತೆ ದಿನ ಸಿಕ್ಕಾಗ ಕೇಳಿ, ಜೆರಾಕ್ಸ್ ಮಾಡ್ಕೊಳ್ಳಿ.